ಕ್ಯಾಸೆಟ್ಟಿನೊಳಗಿನ ರಾಕ್ಷಸ

ನಮ್ಮಪ್ಪ ವರ್ಷಕ್ಕೊಂದು ಸಲ ಗುಡೇಕೋಟೆ ಕಡೆಯ ತನ್ನ ಹುಟ್ಟೂರಿನ ಬಯಲಾಟದಲ್ಲಿ ರಾಕ್ಷಸನ ಪಾತ್ರ ಮಾಡುತ್ತಿದ್ದ. ಉಳಿದ ದಿನಗಳಲ್ಲಿ ಕೊಟ್ಟೂರಿನ ನಮ್ಮ ಮನೆಯಲ್ಲಿ ಬಣ್ಣ ಹಚ್ಚದೆ ಅದೇ ಪಾತ್ರ ಮಾಡುತ್ತಿದ್ದ. ಸತ್ತವರ ಬಗ್ಗೆ ಹೀಗೆಲ್ಲ ಬರೆಯಬಾರದು ಎನ್ನುವವರಿದ್ದಾರೆ. ಅವರಿಗೆ ನಮ್ಮಪ್ಪನ ಕೈಯ ಪೆಟ್ಟು ಬಿದ್ದಿಲ್ಲ, ಅಷ್ಟೇ.

ಅಪ್ಪನದು ಹಿಟ್ಟಿನ ಗಿರಣಿ. ಮುಂದೆ ಗಿರಣಿ, ಹಿಂದೆ ಮನೆ, ನಡುವೆ ಒಂದು ಗೋಡೆ. ಬೆಳಗ್ಗೆ ಮೋಟಾರು ಶುರುವಾಯಿತೆಂದರೆ ಉಪ್ಪು ಕೊಡು ಅನ್ನುವುದಕ್ಕೂ ಕೂಗಬೇಕು. ಹಾಗಾಗಿ ನಮ್ಮ ಮನೆಯಿಂದ ಎಂಥ ಕೂಗು ಬಂದರೂ ಓಣಿಯವರು ತಿರುಗಿ ನೋಡುತ್ತಿರಲಿಲ್ಲ. ಸವೆದುಹೋದ ಗಿರಣಿ ಬೆಲ್ಟಿನ ತುಂಡೊಂದು ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾದರೆ ಅದು ಕೆಳಗಿಳಿಯುತ್ತಿತ್ತು, ಕಡಿಮೆಯಾದರೂ ಇಳಿಯುತ್ತಿತ್ತು. ಅವ್ವನ ಬೆನ್ನಿಗೆ, ಅಣ್ಣನ ತೊಡೆಗೆ. ನನಗೆ ಮಾತ್ರ ಬೆಲ್ಟು ಇಲ್ಲ. ಹೆಣ್ಣುಮಗಳ ಮೈಮೇಲೆ ಗುರುತು ಬಿದ್ದರೆ ನಾಳೆ ಗಂಡು ಸಿಗುವುದು ಕಷ್ಟ ಅಂತ ಕೂದಲು ಹಿಡಿದು ತಲೆಯನ್ನು ಗೋಡೆಗೆ ಗುದ್ದುತ್ತಿದ್ದ. ಎಷ್ಟೇ ಸಿಟ್ಟಿನಲ್ಲಿದ್ದರೂ ಅಷ್ಟು ಎಚ್ಚರ ಅವನಿಗೆ ಇರುತ್ತಿತ್ತು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಪಿಯುಸಿಯಲ್ಲಿದ್ದೆ. ನನಗಿಂತ ಎರಡು ವರ್ಷಕ್ಕೆ ದೊಡ್ಡವನಾದ ಅಣ್ಣ ಹರಪನಹಳ್ಳಿಯಲ್ಲಿ ರೂಮು ಮಾಡಿಕೊಂಡು ಐಟಿಐ ಓದುತ್ತಿದ್ದ. ಆ ವರ್ಷ ಅಪ್ಪ ಅವ್ವನ ಎಡಗೈ ಮುರಿದ. ಒಲೆಯ ಮುಂದೆ ಕೂತವಳನ್ನು ಒದ್ದ, ಅವಳು ಕೈಯೂರಿ ಬಿದ್ದಳು, ಬಿದ್ದ ಕೈಯ ಮೇಲೆ ಇನ್ನೊಮ್ಮೆ ತುಳಿದ. ಸುದ್ದಿ ತಿಳಿದು ಓಡಿ ಬಂದ ಅಣ್ಣ ಅವ್ವನ ಕೈಗೆ ಕಟ್ಟಿದ್ದ ಬಿದಿರಿನ ದಬ್ಬೆಯನ್ನು ಸುಮ್ಮನೆ ಮುಟ್ಟಿ ನೋಡಿದ.

"ಇನ್ನೊಂದ್ ಸಲ ಕೈ ಎತ್ತಲಿ. ಕೊಂದ ಹಾಕ್ತೀನಿ ಅಂವನ್ನ," ಅಂದ.

ಅದು ಸಿಟ್ಟಿಗೆ ಆಡಿದ ಮಾತಾಗಿರಲಿಲ್ಲ. ಅಣ್ಣ ಕೂಗಾಡುವವನಲ್ಲ, ಅವನ ದನಿ ಮೆತ್ತಗಿತ್ತು, ಅದಕ್ಕೇ ನನಗೆ ಹೆದರಿಕೆಯಾಯಿತು. ಅಪ್ಪ ಸತ್ತರೆ ನನಗೆ ಎಳ್ಳಷ್ಟೂ ದುಃಖವಾಗುತ್ತಿರಲಿಲ್ಲ. ಆದರೆ ನನಗೆ ಅಂತ ಇದ್ದವನು ಅಣ್ಣ ಒಬ್ಬ. ಅಪ್ಪನ ಕೈಯಲ್ಲಿ ಅವನು ಸಾಯಬಾರದು, ಅಪ್ಪನನ್ನು ಕೊಂದು ಜೈಲಿಗೂ ಹೋಗಬಾರದು. ಅವನನ್ನು ಉಳಿಸಿಕೊಳ್ಳುವುದೊಂದೇ ಆಗ ನನ್ನ ಹಟವಾಗಿತ್ತು.

ಆ ಸಲ ಅಣ್ಣನ ಚೀಲದಲ್ಲಿ ಒಂದು ಕ್ಯಾಸೆಟ್ ಇತ್ತು. ಅವನ ರೂಮಿನ ಜೊತೆಗಾರ ದಾವಣಗೆರೆಯ ಯಾರದೋ ಸಿಡಿಯಿಂದ ತುಂಬಿಸಿಕೊಂಡು ಬಂದದ್ದು. ಮೇಲೆ ಹೆಸರಿಲ್ಲ, ಹಾಡಿನ ಸಾಹಿತ್ಯವಂತೂ ಇಲ್ಲವೇ ಇಲ್ಲ. ಹಾಕಿದರೆ ಕಿವಿಗೆ ಗಿರಣಿಯೇ ನುಗ್ಗಿದಂತಾಯಿತು.

"ಪ್ರೋಗ್ರೆಸಿವ್ ಮೆಟಲ್ ಅಂತಾರಲೇ ಇದಕ್ಕ. ಹಾಡು ಬ್ಯಾರೆ ಬ್ಯಾರೆ ಅಲ್ಲ, ಎಲ್ಲಾ ಕೂಡಿ ಒಂದ ಕಥಿ ಐತಿ. ಏನ್ ಕಥಿ ಅಂತ ನಮ್ಮ ರೂಮಿನಾಗ ಯಾರಿಗೂ ತಿಳಿವಲ್ದು. ನೀ ಇಂಗ್ಲಿಷಿನಾಗ ಹುಷಾರ್ ಅದೀಯಲ್ಲ, ಹೇಳ ನೋಡೋಣು," ಅಂದ.

ನನ್ನ ಇಂಗ್ಲಿಷಿನ ಹುಷಾರಿ ಎಂಥದು ಅಂತ ನನಗೆ ಗೊತ್ತಿತ್ತು. ಗೈಡು ಬಾಯಿಪಾಠ ಮಾಡಿ ಅಂಕ ತೆಗೆದವಳು ನಾನು, ಒಂದು ವಾಕ್ಯ ಬಾಯಿಬಿಟ್ಟು ಆಡಿದವಳಲ್ಲ. ಆದರೂ ಒಪ್ಪಿಕೊಂಡೆ. ಕ್ಯಾಸೆಟ್ಟಿನ ಮುಂದೆ ಕೂತಷ್ಟು ಹೊತ್ತು ಅಣ್ಣ ಅಪ್ಪನ ಎದುರಿಗೆ ಹೋಗುತ್ತಿರಲಿಲ್ಲ. ಶನಿವಾರ ಮಧ್ಯಾಹ್ನ ಬಂದರೆ ಭಾನುವಾರ ಸಂಜೆಯವರೆಗೂ ಇಬ್ಬರೂ ಹಿಂದಿನ ಕೋಣೆಯಲ್ಲಿ ಟೇಪ್‌ರೆಕಾರ್ಡರಿಗೆ ಕಿವಿ ಹಚ್ಚಿ ಕೂರುತ್ತಿದ್ದೆವು. ಮುಂದೆ ಗಿರಣಿ ತಿರುಗುತ್ತಿರುವಾಗ ನಮ್ಮ ಗದ್ದಲ ಅಪ್ಪನಿಗೆ ಕೇಳುತ್ತಿರಲಿಲ್ಲ. ಕೇಳಿದಾಗಲೂ "ನಾಯಿ ಕಚ್ಚಾಡಿದಂಗ ಐತಲ್ಲಲೇ" ಅಂತ ಬೈದು ಸುಮ್ಮನಾಗುತ್ತಿದ್ದ.

ಕ್ಯಾಸೆಟ್ಟಿನಲ್ಲಿ ಮೊದಲು ಗಡಿಯಾರದ ಸದ್ದು. ಯಾರೋ ಮರದ ಮೆಟ್ಟಿಲು ಹತ್ತುತ್ತಾರೆ. ಆಮೇಲೆ ಗಿಟಾರುಗಳು ಒಮ್ಮೆಗೇ ಮೈಮೇಲೆ ಬೀಳುತ್ತವೆ. ತಾಳ ಒಂದು ಕಡೆ ನಿಲ್ಲುವುದಿಲ್ಲ. ಅಣ್ಣ ಚಿಕ್ಕಂದಿನಿಂದ ಮೇಳದ ಮದ್ದಳೆಗೆ ಕೈ ಹಾಕಿದವನು, ತೊಡೆಯ ಮೇಲೆ ಬಡಿದುಕೊಂಡು "ಏಳಕ್ಕ ಬಿತ್ತು ನೋಡು, ಈಗ ಐದಕ್ಕ ಬಿತ್ತು" ಅಂತ ಹಿಡಿಯುತ್ತಿದ್ದ. ಹಾಡಿನಲ್ಲಿ ಎರಡು ದನಿ. ಒಂದು ಸ್ವಚ್ಛವಾದ, ಇಂಪಾದ ಗಂಡುದನಿ. ಇನ್ನೊಂದು ಹೊಟ್ಟೆಯ ತಳದಿಂದ ಎಳೆದು ಉಗುಳುವ ಘರ್ಜನೆ. ಮನೆ, ಬಾಗಿಲು, ತಂದೆ, ಕೈ, ರಕ್ತ ಎನ್ನುವ ಇಂಗ್ಲಿಷ್ ಪದಗಳು ಮತ್ತೆ ಮತ್ತೆ ಬರುತ್ತಿದ್ದವು. ಅವಷ್ಟನ್ನು ನಾನು ಗಟ್ಟಿ ಮಾಡಿಕೊಂಡೆ. ಉಳಿದದ್ದನ್ನು ನಮಗೆ ಗೊತ್ತಿದ್ದ ಕಥೆ ಹೇಳುವ ರೀತಿಯಿಂದ ತುಂಬಿಸಿಕೊಂಡೆವು. ನಮಗೆ ಗೊತ್ತಿದ್ದದ್ದು ಬಯಲಾಟ.

ಬಯಲಾಟದಲ್ಲಿ ದನಿ ಬದಲಾಯಿತೆಂದರೆ ಪಾತ್ರ ಬದಲಾಯಿತು ಅಂತಲೇ. ಪರದೆ ಸರಿಸಿ ಬಂದವನನ್ನು ಸಾರಥಿ ಅಡ್ಡಗಟ್ಟಿ ನೀವು ಯಾರು, ಯಾವ ಊರಿನವರು, ಬಂದ ಕೆಲಸವೇನು ಅಂತ ಕೇಳುತ್ತಾನೆ. ಬಂದವನು ತನ್ನ ಹೆಸರು ಹೇಳಿಕೊಂಡ ಮೇಲೆಯೇ ಕಥೆ ಮುಂದೆ ಹೋಗುವುದು. ಹೊಟ್ಟೆಯಿಂದ ಘರ್ಜಿಸುವವನು ರಾಕ್ಷಸ, ಇಂಪಾಗಿ ಹಾಡುವವನು ರಾಜಕುಮಾರ, ಇದರಲ್ಲಿ ಅನುಮಾನ ಪಡುವುದು ಏನಿದೆ? ಹಾಗಾಗಿ ಕ್ಯಾಸೆಟ್ಟಿನಲ್ಲೂ ಇಬ್ಬರು. ಮಗ ತನ್ನ ಹಳೆಯ ಮನೆಗೆ ಬರುತ್ತಾನೆ, ಮೆಟ್ಟಿಲು ಹತ್ತುತ್ತಾನೆ, ಬಾಗಿಲ ಹಿಂದೆ ರಾಕ್ಷಸನಂಥ ತಂದೆ ಇದ್ದಾನೆ, ಹಾಡಿಲ್ಲದೆ ಬರೀ ವಾದ್ಯ ಬಾರಿಸುವ ಜಾಗವೇ ಯುದ್ಧ, ಕೊನೆಗೆ ಮಗ ತಂದೆಯನ್ನು ಕೊಲ್ಲುತ್ತಾನೆ. ಒಂದು ಮಾತ್ರ ನಮಗೆ ಸರಿಹೋಗಲಿಲ್ಲ. ಆ ರಾಕ್ಷಸ ಎಲ್ಲಿಯೂ ತನ್ನ ಹೆಸರು ಹೇಳುವುದಿಲ್ಲ. "ಹೆಸರು ಯಾಕ ಬೇಕಲೇ, ನಾವ ಇಡೋಣು," ಅಂತ ಅಣ್ಣ ನಮ್ಮಪ್ಪನ ಹೆಸರನ್ನೇ ಇಟ್ಟ.

ಕೊನೆಯ ಹಾಡು ಮಾತ್ರ ತಲೆ ಕೆಡಿಸಿತು. ಗದ್ದಲವೆಲ್ಲ ಅಡಗಿ, ಎರಡೂ ದನಿಗಳು ಸೇರಿ ಒಂದೇ ಸಾಲನ್ನು ಜೊತೆಯಾಗಿ ಹಾಡುತ್ತವೆ. ಸತ್ತವನು ಹಾಡುವುದು ಹೇಗೆ? ಬಿಡಿಸಿದವನು ಅಣ್ಣ. ಅಪ್ಪನ ಊರಿನ ಮೇಳದಲ್ಲಿ ಒಂದು ಕಟ್ಟಳೆಯಿತ್ತು. ಆಟದಲ್ಲಿ ಸತ್ತವನು ಸತ್ತವನಾಗಿಯೇ ಮನೆಗೆ ಹೋಗುವಂತಿಲ್ಲ, ಹೋದರೆ ಊರಿಗೆ ಕೇಡು. ಅದಕ್ಕೆ ವಧೆ ಮುಗಿದ ಮೇಲೆ ಕೊಂದವನೇ ಸತ್ತವನ ಕೈ ಹಿಡಿದು ಎಬ್ಬಿಸಬೇಕು, ಇಬ್ಬರೂ ಪಕ್ಕಪಕ್ಕ ನಿಂತು ಒಂದೇ ದನಿಯಲ್ಲಿ ಮಂಗಳ ಹಾಡಬೇಕು.

"ಮಂಗಳಾನ ಅದು! ಎದ್ದಾನಲ್ಲಲೇ ರಾಕ್ಷಸ! ಹೊಡದ್ರೂ ಸತ್ತಿಲ್ಲ, ಎದ್ದು ನಿಂತು ಮಗನ ಕೂಡ ಮಂಗಳ ಹಾಡ್ಲಿಕ್ಕತ್ಯಾನ," ಅಂತ ಅಣ್ಣ ಕುಣಿದಾಡಿದ. ಏಳು ಸಮುದ್ರದ ಆಚೆಯವರಿಗೂ ನಮ್ಮ ಕಟ್ಟಳೆ ಗೊತ್ತಿದೆಯಲ್ಲ ಅಂತ ನನಗೂ ಹೆಮ್ಮೆಯಾಯಿತು.

ಮೂಲೆಯಲ್ಲಿ ಕೂತು ಒಂದೇ ಕೈಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಅವ್ವ ನಡುವೆ ಬಾಯಿ ಹಾಕಿದಳು. "ಇಬ್ಬರು ಯಾಕ್ ಆಗ್ಬೇಕು? ಒಬ್ಬನ ಇರ್ಬೇಕು. ಅವನ ಮೈಮ್ಯಾಲ ಏನೋ ಬರ್ತೈತಿ, ಪಾಪ. ಬಂದಾಗ ಒದರ್ತಾನ, ಇಳಿದ್ಮ್ಯಾಲ ಚೆಂದಾಗಿ ಹಾಡ್ತಾನ. ನಿಮ್ಮಪ್ಪನೂ ಹಂಗ ಅಲ್ಲೇನು?"

ನನಗೆ ಮೈಯೆಲ್ಲ ಉರಿಯಿತು. ಮೈಮೇಲೆ ಬರುವ ದೇವರು ಅಪ್ಪನಿಗೆ ಪೊಲೀಸರ ಎದುರು ಯಾಕೆ ಬರುವುದಿಲ್ಲ? ಗಿರಣಿಗೆ ಜೋಳ ತರುವ ಗಟ್ಟಿ ಗಂಡಸರ ಎದುರು ಯಾಕೆ ಬರುವುದಿಲ್ಲ? ಹಿಡಿಯಲು ಹೆಂಡತಿ ಮಕ್ಕಳೇ ಸಿಗುತ್ತಾರೇನು ಅದಕ್ಕೆ? ಅವ್ವನ ಮೇಲೆ ರೇಗಿದೆ. "ನೀ ಹಿಂಗ ಅಂದು ಅಂದ ಅಂವನ್ನ ಬೆಳಿಸೀದಿ," ಅಂದೆ. ಅವಳು ಮೆಣಸಿನಕಾಯಿ ಬುಟ್ಟಿ ಎತ್ತಿಕೊಂಡು ಎದ್ದು ಹೋದಳು.

ಸುಗ್ಗಿ ಮುಗಿದು ಬಯಲಾಟದ ತಾಲೀಮು ಶುರುವಾಯಿತು. ಆ ವರ್ಷ ರಾಜಕುಮಾರನ ಪಾತ್ರದವನಿಗೆ ಕಾಮಾಲೆಯಾಗಿತ್ತು. ಮೇಳದ ಮಾಸ್ತರು ಅಣ್ಣನನ್ನು ಕರೆದರು. ಅಪ್ಪನಿಗೆ ಖುಷಿಯೋ ಖುಷಿ. "ಈ ಸಲ ನನ್ನ ಮಗನ ನನ್ನ ಕೊಲ್ತಾನ, ನೋಡಾಕ ಬರ್ರಿ," ಅಂತ ಗಿರಣಿಗೆ ಬಂದವರಿಗೆಲ್ಲ ಹೇಳುತ್ತಿದ್ದ. ಹೇಳಿದ ದಿನವೇ ಚಹಾ ತಣ್ಣಗಾಗಿದೆ ಅಂತ ಲೋಟವನ್ನು ಅವ್ವನ ಮುಖಕ್ಕೆ ಎಸೆದ. ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು.

ಆಟದ ಹಿಂದಿನ ದಿನ ಮಧ್ಯಾಹ್ನ ಕರೆಂಟು ಹೋಗಿ ಗಿರಣಿ ನಿಂತಿತ್ತು. ಅಪ್ಪ ಆಗಲೇ ಊರಿಗೆ ಹೋಗಿದ್ದ. ಅಣ್ಣ ಗಿರಣಿಯ ನೆಲದ ಮೇಲೆ ಕೂತು ತನ್ನ ಪಾತ್ರದ ಗದೆಯನ್ನು ಬಿಚ್ಚುತ್ತಿದ್ದ. ಬೆಂಡಿನಂಥ ಹಗುರ ಕಟ್ಟಿಗೆಯ ಗದೆ ಅದು, ಮೇಲೆ ಬೇಗಡೆ ಕಾಗದ. ಒಳಗಿನ ಕೋಲು ತೆಗೆದು ಅದರ ಜಾಗಕ್ಕೆ ಗಿರಣಿಯ ಹಳೆಯ ಕಬ್ಬಿಣದ ರಾಡು ತುರುಕಿ ಮತ್ತೆ ಬೇಗಡೆ ಸುತ್ತಿದ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಅವನು ಮುಚ್ಚಿಡಲಿಲ್ಲ.

"ಎದ್ದ ಏಳ್ತಾನ ಬಿಡಲೇ. ಕೇಳೀದಿಯಲ್ಲ, ಕಡೀಕ ಎದ್ದು ಹಾಡ್ತಾನ," ಅಂದ.

ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಅವ್ವನ ಹುಬ್ಬಿನ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. ನಾನು ಹತ್ತಿರ ಹೋಗಿ ಅವನ ಬಲಭುಜದ ಮೇಲೆ ಕೈಯಿಟ್ಟು, "ತಲಿಗೆ ಬ್ಯಾಡ. ಸತ್ತರ ನೀ ಒಳಗ ಹೋಗ್ತಿ. ಇಲ್ಲಿ ಹೊಡಿ. ಬಲಗೈ ಎತ್ತಾಕ ಬರಬಾರ್ದು," ಅಂದೆ. ಅವನು ತಲೆಯಾಡಿಸಿದ. ಈ ಮಾತಿಗೆ ನಾನು ಇವತ್ತಿಗೂ ಪಶ್ಚಾತ್ತಾಪ ಪಟ್ಟಿಲ್ಲ, ಪಡುವುದೂ ಇಲ್ಲ.

ಆಟದಲ್ಲಿ ವಧೆ ನಡೆಯುವುದು ಹೊತ್ತು ಹುಟ್ಟಿದ ಮೇಲೆಯೇ. ಅಲ್ಲಿಯವರೆಗಿನ ಕಥೆಯಲ್ಲಿ ನಾನು ಏನು ನೋಡಿದೆನೋ ಒಂದೂ ನೆನಪಿಲ್ಲ. ಗುಡ್ಡದ ಮೇಲೆ ಬಿಸಿಲು ಬಿದ್ದಾಗ ಅಪ್ಪ ಪರದೆ ಒದ್ದು ಬಂದ. ಮುಖಕ್ಕೆ ಕೆಂಪು, ಕಪ್ಪು ಬಣ್ಣ, ತಲೆಗೆ ಕಿರೀಟ, ಹೆಗಲಿಗೆ ಕಟ್ಟಿಗೆಯ ಭುಜಕೀರ್ತಿ. ಶಿಳ್ಳೆ ಬಿದ್ದವು. ಅಣ್ಣ ಎದುರು ನಿಂತ. ಮದ್ದಳೆ ಏರಿತು, ಇಬ್ಬರೂ ಸುತ್ತು ಹಾಕಿದರು.

ಮೊದಲ ಪೆಟ್ಟನ್ನು ಅಪ್ಪ ತನ್ನ ಗದೆಯಿಂದ ತಡೆದ. ಅವನ ಗದೆ ಸೌತೆಕಾಯಿ ಮುರಿದಂತೆ ಎರಡು ತುಂಡಾಯಿತು. ಅಪ್ಪ ಕೈಯಲ್ಲಿ ಉಳಿದ ತುಂಡನ್ನು ನೋಡಿದ, ಮಗನ ಮುಖ ನೋಡಿದ. ಅವನಿಗೆ ತಿಳಿಯಿತು. ಕೂಗಬಹುದಿತ್ತು, ಓಡಬಹುದಿತ್ತು. ಆದರೆ ಊರ ಮಂದಿಯ ಎದುರು ಮಗನಿಗೆ ಹೆದರಿ ರಾಕ್ಷಸ ಓಡಿದ ಅನ್ನಿಸಿಕೊಳ್ಳುವುದು ಅವನಿಂದ ಆಗಲಿಲ್ಲ. ಅಣ್ಣ ಗದೆಯನ್ನು ನೆತ್ತಿಯ ಮೇಲಕ್ಕೆ ಎತ್ತಿದ. ಅದು ನೇರ ಕಿರೀಟದ ಮೇಲಿತ್ತು.

"ಭುಜಕ್ಕ! ಭುಜಕ್ಕ ಹಾಕೋ!" ಅಂತ ನಾನು ಹೆಂಗಸರ ನಡುವಿನಿಂದ ಎದ್ದು ಕಿರುಚಿದೆ. ಪಕ್ಕದವರು ಹುರಿದುಂಬಿಸುತ್ತಿದ್ದೇನೆ ಅಂದುಕೊಂಡು ತಾವೂ ಕೂಗಿದರು.

ರಾಡು ಬಲಭುಜಕ್ಕೆ ಬಿತ್ತು. ಭುಜಕೀರ್ತಿ ಚೂರಾಗಿ ಮೊದಲ ಸಾಲಿನವರ ಮೇಲೆ ಬಿತ್ತು. ಎಲುಬು ಮುರಿದ ಸದ್ದು ನನಗೆ ಮದ್ದಳೆಯ ನಡುವೆಯೂ ಕೇಳಿಸಿತು. ಅಪ್ಪ ಮೊಣಕಾಲೂರಿದ. ಅದೇ ಜಾಗಕ್ಕೆ ಇನ್ನೊಂದು. ಅಪ್ಪ ಮುಖ ಅಡಿಯಾಗಿ ಬಿದ್ದ. ಮೂರನೆಯದಕ್ಕೆ ಎತ್ತುವಷ್ಟರಲ್ಲಿ ಸಾರಥಿ ನಡುವೆ ಬಂದು ವಧೆ ಮುಗಿಯಿತೆಂದು ಹಾಡಿದ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಇಂಥ ವಧೆ ಈ ಊರಲ್ಲಿ ಯಾರೂ ಕಂಡಿರಲಿಲ್ಲ, ನಿಜ.

ಆಮೇಲೆ ಎಬ್ಬಿಸುವ ಕಟ್ಟಳೆ. ಅಣ್ಣ ಬಗ್ಗಿದ. ಅಪ್ಪ ಎಡಗೈ ಚಾಚಿದ. ಅಣ್ಣ ಅದನ್ನು ಬಿಟ್ಟು ಮುರಿದ ಬಲಗೈ ಹಿಡಿದು ಎಳೆದ. ಅಪ್ಪನ ಬಾಯಿಂದ ಬಂದ ಕೂಗಿಗೆ ಮಂದಿ ಇನ್ನೊಮ್ಮೆ ಶಿಳ್ಳೆ ಹಾಕಿದರು. ಎದ್ದು ನಿಂತ ಅಪ್ಪ ಮಗನ ಪಕ್ಕ ನಿಂತು ಮಂಗಳವನ್ನು ಕೊನೆಯ ಸಾಲಿನವರೆಗೂ ಹಾಡಿದ. ಬಣ್ಣದ ಮೇಲೆ ಕಣ್ಣೀರು ಗೀಟು ಹಾಕುತ್ತಿತ್ತು. ಅಣ್ಣನ ಮುಖದಲ್ಲಿ ನಗುವಿತ್ತು. ಆ ನಗು ನನಗೆ ಆಗ ಬಹಳ ಹಿಡಿಸಿತು.

ಕೂಡ್ಲಿಗಿಯ ಆಸ್ಪತ್ರೆಯಲ್ಲಿ ಅಪ್ಪ "ಅಟ್ಟದ ಮ್ಯಾಲಿಂದ ಬಿದ್ದೆ" ಅಂತ ಹೇಳಿದ. ಮನೆಯಲ್ಲಿ ಆ ಮಾತು ಯಾರೂ ಎತ್ತಲಿಲ್ಲ. ಅವನ ಬಲಗೈ ಮತ್ತೆ ಹೆಗಲಿನ ಮಟ್ಟಕ್ಕೆ ಏಳಲೇ ಇಲ್ಲ. ಅವ್ವ ಉಣಿಸುತ್ತಿದ್ದಳು, ಅವನು ಬಾಯಿ ತೆರೆಯುತ್ತಿದ್ದ. ಬೆಲ್ಟಿನ ತುಂಡನ್ನು ನಾನೇ ಒಲೆಗೆ ಹಾಕಿ ಸುಟ್ಟೆ, ಮನೆಯೆಲ್ಲ ನಾತ ಹೊಡೆಯಿತು. ಕೆಲವು ವರ್ಷ ಬದುಕಿದ್ದು ಅಪ್ಪ ಕಾಯಿಲೆಯಿಂದ ಸತ್ತ. ಅಣ್ಣ ಐಟಿಐ ಮುಗಿಸಿ ಬಂದು ಗಿರಣಿ ಹಿಡಿದ. ಇಟ್ಟಿಗಿ ಊರಿನಿಂದ ಹೆಣ್ಣು ತಂದು ಮದುವೆ ಮಾಡಿದೆವು, ಒಂದು ಹೆಣ್ಣುಮಗು ಆಯಿತು. ಅಣ್ಣನನ್ನು ಉಳಿಸಿಕೊಂಡೆ ಅಂತ ನಾನು ನಿಶ್ಚಿಂತಳಾದೆ.

ನಾನು ಹಡಗಲಿಯಲ್ಲಿ ಬಸ್ ನಿಲ್ದಾಣದ ಎದುರು ಒಂದು ಡಿಟಿಪಿ, ಜೆರಾಕ್ಸ್ ಅಂಗಡಿ ಹಾಕಿದೆ. ಮದುವೆಯ ಮಾತು ತಂದವರಿಗೆ ನೀರು ಕೊಟ್ಟು ಕಳಿಸುತ್ತಿದ್ದೆ. ಎರಡು ಸಾವಿರದ ಆಚೆಗಿನ ಆ ವರ್ಷಗಳಲ್ಲಿ ಊರಿಗೆ ಇಂಟರ್ನೆಟ್ ಬಂತು, ನನ್ನ ಅಂಗಡಿಗೂ ಬಂತು. ಪರೀಕ್ಷೆ ಫಲಿತಾಂಶದ ದಿನ ಬಿಟ್ಟರೆ ಮಧ್ಯಾಹ್ನ ಯಾರೂ ಇರುತ್ತಿರಲಿಲ್ಲ. ಹೊರಗೆ ಬಸ್ಸಿಗೆ ಏರಿಸುವ ಮಲ್ಲಿಗೆ ಮೊಗ್ಗಿನ ಬುಟ್ಟಿಗಳಿಗೆ ನೀರು ಚಿಮುಕಿಸುತ್ತಿದ್ದರು. ಅಂಥದ್ದೊಂದು ಮಧ್ಯಾಹ್ನ ಸುಮ್ಮನೆ ಆ ಕ್ಯಾಸೆಟ್ಟಿನ ಒಂದು ಸಾಲು ನೆನಪಾಗಿ, ಕೇಳಿದಂತೆ ಟೈಪು ಮಾಡಿ ಹುಡುಕಿದೆ. ಸಿಕ್ಕೇಬಿಟ್ಟಿತು. ಇಡೀ ಆಲ್ಬಮ್ಮಿನ ಸಾಹಿತ್ಯ ಅಲ್ಲಿತ್ತು. ಕೆಳಗೆ ಯಾವಯಾವುದೋ ದೇಶದವರು ಈ ಕಥೆಯ ಅರ್ಥ ಇದು, ಅಲ್ಲ ಅದು, ಅಂತ ಜುಟ್ಟು ಹಿಡಿದು ಜಗಳಾಡುತ್ತಿದ್ದರು. ಒಬ್ಬ ದೆವ್ವ ಅನ್ನುತ್ತಾನೆ, ಒಬ್ಬ ಕನಸು ಅನ್ನುತ್ತಾನೆ. ಕೊಟ್ಟೂರಿನ ಗಿರಣಿಯ ಹಿಂದೆ ಕೂತು ನಾವೂ ಅದನ್ನೇ ಮಾಡಿದ್ದೆವಲ್ಲ ಅಂತ ನಗು ಬಂತು.

ನಿಘಂಟು ಪಕ್ಕಕ್ಕಿಟ್ಟುಕೊಂಡು ಓದುತ್ತ ಹೋದೆ. ನಗು ನಿಂತಿತು. ಕಥೆಯಲ್ಲಿ ತಂದೆ ಮೊದಲ ಹಾಡಿಗಿಂತ ಮುಂಚೆಯೇ ಸತ್ತಿದ್ದಾನೆ. ಮಗ ಆ ಮನೆಗೆ ವಾಪಸು ಬರುತ್ತಾನೆ, ತಂದೆಯ ಕುರ್ಚಿಯಲ್ಲಿ ಕೂರುತ್ತಾನೆ. ಮೆಟ್ಟಿಲು ಹತ್ತುವವನು ಅವನೇ. ಮೇಲಿನ ಬಾಗಿಲ ಹಿಂದೆ ಚಿಲಕ ಹಾಕಿಕೊಂಡು ನಿಂತವಳು ಅವನ ಹೆಂಡತಿ. ಇಂಪಾದ ದನಿ ಅವಳನ್ನು ಕರೆಯುತ್ತದೆ, ಬಾಗಿಲು ತೆರೆಯದಿದ್ದಾಗ ಘರ್ಜನೆ ಶುರುವಾಗುತ್ತದೆ. ನಾವು ಯುದ್ಧ ಅಂದುಕೊಂಡ ವಾದ್ಯದ ಭಾಗಕ್ಕೆ ಅವಳಿಗೆ ಬಿದ್ದ ಪೆಟ್ಟುಗಳ ಹೆಸರನ್ನೇ ಇಟ್ಟಿದ್ದರು. ರಾಕ್ಷಸನಿಗೆ ಹೆಸರಿರಲಿಲ್ಲ, ಯಾಕೆಂದರೆ ಅಲ್ಲಿ ರಾಕ್ಷಸ ಅಂತ ಬೇರೆ ಯಾರೂ ಇರಲಿಲ್ಲ. ಮೈಮೇಲೆ ಬರುವುದಕ್ಕೂ ಏನೂ ಇರಲಿಲ್ಲ. ತಾನು ಯಾವಾಗ ಯಾವ ದನಿ ತೆಗೆಯಬೇಕು ಅಂತ ಅವನಿಗೆ ಪ್ರತಿ ಸಾಲಿನಲ್ಲೂ ಗೊತ್ತಿದೆ. ಕೊನೆಯ ಹಾಡಿನಲ್ಲಿ ಎರಡೂ ದನಿ ಕೂಡಿದಾಗ ಮೇಲಿನ ಕೋಣೆಯಲ್ಲಿ ಅವಳ ಉಸಿರಿನ ಸದ್ದೂ ಇಲ್ಲ. ಅವನಿಗೆ ಇನ್ನು ದನಿ ಬದಲಾಯಿಸುವ ಕೆಲಸ ಉಳಿದಿಲ್ಲ. ನಾವು ಮಂಗಳ ಅಂದುಕೊಂಡದ್ದು ಇದನ್ನು.

ಕಂಪ್ಯೂಟರಿನ ಎದುರು ಕೂತಿದ್ದಾಗ ನನಗೆ ಕೊಟ್ಟೂರಿನ ಅತ್ತಿಗೆ ನೆನಪಾದಳು. ಪಂಚಮಿಗೆ ಹೋದಾಗ ಅವಳು ನಾನು ಮಾತಾಡಿದಾಗಲೆಲ್ಲ ಬಲಗಡೆಯ ಕಿವಿಯನ್ನು ನನ್ನತ್ತ ತಿರುಗಿಸುತ್ತಿದ್ದಳು. ಗಿರಣಿಯ ಸದ್ದಿಗೆ ಹಾಗೆ ಮಾಡುತ್ತಾಳೆ ಅಂದುಕೊಂಡಿದ್ದೆ. ಆದರೆ ಅವತ್ತು ಹಬ್ಬ, ಗಿರಣಿ ಬಂದ್ ಆಗಿತ್ತು. ಮರುದಿನ ಬೆಳಗ್ಗೆ ಅಂಗಡಿ ತೆರೆಯದೆ ಕೊಟ್ಟೂರಿನ ಬಸ್ಸು ಹತ್ತಿದೆ.

ಅಣ್ಣನಿಗೆ ನನ್ನನ್ನು ಕಂಡು ಎಷ್ಟು ಸಂತೋಷ! ಗಿರಣಿ ನಿಲ್ಲಿಸಿದ. ಮಂಡಕ್ಕಿ, ಮಿರ್ಚಿ ತರಿಸಿದ. ಹಿಟ್ಟು ಮೆತ್ತಿದ ಸ್ಟೂಲಿನ ಮೇಲೆ ಕೂತು ನಾನು ಕಥೆಯನ್ನು ಮೊದಲಿಂದ ಕೊನೆಯವರೆಗೂ ಕನ್ನಡದಲ್ಲಿ ಹೇಳಿದೆ. ಮಿರ್ಚಿ ತಿನ್ನುತ್ತ ಚಿಕ್ಕವನಂತೆ ಕೇಳಿದ.

"ಅಂದ್ರ ರಾಕ್ಷಸ ಇಲ್ಲಾ ಇಲ್ಲೇನು? ನಾವೆಲ್ಲಾ ಸುಳ್ಳ ತಿಳಕೊಂಡಿದ್ವಿ ಅನ್ನು," ಅಂತ ನಕ್ಕ.

"ಅತ್ತಿಗಿ ಕಿವಿಗೆ ಏನಾಗೈತಿ?" ಅಂತ ಕೇಳಿದೆ.

"ಬಚ್ಚಲದಾಗ ಜಾರಿ ಬಿದ್ಲು," ಅಂದ. ಅದೇ ಮೆತ್ತಗಿನ ದನಿ.

ನಾನು ಎದ್ದು ಒಳಗೆ ಹೋದೆ. ಅತ್ತಿಗೆ ರೊಟ್ಟಿ ಬಡಿಯುತ್ತಿದ್ದಳು. ಸೆರಗು ಸರಿಸಿದೆ. ಎಡಗಿವಿಯ ಹಿಂದೆ ಊದಿ ಹಸಿರುಗಟ್ಟಿತ್ತು, ಒಳಗಿನಿಂದ ನೀರು ಒಸರುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಅವ್ವ ನನಗೆ ಸಮಾಧಾನ ಹೇಳಲು ಬಂದಳು. "ಏನೋ ಬರ್ತೈತವ್ವಾ ಅವನ ಮೈಮ್ಯಾಲ. ಹೊತ್ತ ಹೋದ್ಮ್ಯಾಲ ತಾನ ಇಳಿತೈತಿ. ಸುಮ್ನಿರು ಅಂತ ಇಕಿಗೂ ಹೇಳೀನಿ." ಆ ಗಳಿಗೆಯಲ್ಲಿ ನನಗೆ ಅಪ್ಪನ ಮೇಲೆ ಯಾವತ್ತೂ ಬರದಷ್ಟು ಸಿಟ್ಟು ಅವ್ವನ ಮೇಲೆ ಬಂತು. ಅವಳ ಮುರಿದ ಕೈ ಸೊಟ್ಟಗೇ ಕೂಡಿಕೊಂಡಿತ್ತು, ಆ ಕೈಯಿಂದಲೇ ನನ್ನ ಗಲ್ಲ ಸವರಿದಳು.

ಅಣ್ಣ ಹಿಂದೆಯೇ ಬಂದ. "ಏನ್ ಹೇಳ್ದಿ ಇಕಿಗೆ?" ಅಂತ ಹೆಂಡತಿಯನ್ನು ಕೇಳಿದ. ಇನ್ನೂ ಇಂಪಾಗಿಯೇ ಕೇಳಿದ. "ಏನೂ ಹೇಳಿಲ್ಲರೀ," ಅಂತ ಅವಳು ಅಂದಳು. ಅನ್ನುವಷ್ಟರಲ್ಲಿ ಅವನ ದನಿ ಹೊಟ್ಟೆಗಿಳಿಯಿತು. ಅದು ಅಪ್ಪನ ದನಿಯೂ ಆಗಿರಲಿಲ್ಲ, ನಾನು ಆವರೆಗೆ ಕೇಳದ ಅವನದೇ ದನಿ. ನೀರಿನ ಹಿತ್ತಾಳೆ ತಂಬಿಗೆ ಎತ್ತಿ ಅವಳ ತಲೆಗೆ ಬೀಸಿದ. ನಾನು ನಡುವೆ ಹೋದೆ. ತಂಬಿಗೆ ನನ್ನ ಬಾಯಿಗೆ ಬಿತ್ತು. ಮುಂದಿನ ಎರಡು ಹಲ್ಲು ನಾಲಿಗೆಯ ಮೇಲೆ ಬಂದು ಕೂತವು. ಅವನ್ನು ಉಗುಳಿ, ಸೆರಗಿನಿಂದ ಕಾದ ಹಂಚು ಹಿಡಿದು ಅವನ ಮೇಲೆ ಎಸೆದೆ. ಮೊಣಕೈಗೆ ತಾಗಿ ಚರ್ಮ ಸುಟ್ಟಿತು. ಅವನು ಕೈ ಹಿಡಿದುಕೊಂಡು ಬಚ್ಚಲಿಗೆ ಓಡಿದ. ಅಷ್ಟೇ ಸಮಯ ಸಿಕ್ಕಿದ್ದು. ಅತ್ತಿಗೆಯ ಕೈ ಹಿಡಿದು, ಮಗುವನ್ನು ಎತ್ತಿಕೊಂಡು ಹೊರಗೆ ನಡೆದೆ. ಅವ್ವನನ್ನೂ ಕರೆದೆ. ಅವಳು "ಅವನ ಕೈ ಸುಟ್ಟೈತಿ, ಯಾರ್ ನೋಡ್ಬೇಕು" ಅಂತ ಅಲ್ಲೇ ಉಳಿದಳು.

ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಾಯಿಸುವಾಗ ನನ್ನ ಸೆರಗೆಲ್ಲ ರಕ್ತ. ಕಂಡಕ್ಟರು ಮುಂದಿನ ಸೀಟು ಬಿಡಿಸಿಕೊಟ್ಟ.

ವಾರ ಕಳೆದಿರಲಿಲ್ಲ, ಅಣ್ಣ ಹಡಗಲಿಗೆ ಬಂದ. ದೀಪ ಹಚ್ಚುವ ಹೊತ್ತು. ಅಂಗಡಿಯ ಷಟರ್ ಎಳೆದಾಗಿತ್ತು, ಒಳಗಿನಿಂದಲೇ ಅಂಗಡಿಗೆ ದಾರಿಯಿದ್ದ ಹಿಂದಿನ ನನ್ನ ಒಂದು ಕೋಣೆಯ ಮನೆಗೆ ಹೊರಗಿನಿಂದ ಒಂದೇ ಬಾಗಿಲು. ಮೆಲ್ಲಗೆ ಬಡಿದ.

"ತಂಗೀ, ಬಾಗ್ಲ ತೆಗಿಯವ್ವಾ. ತಪ್ಪಾಗೈತಿ. ಮಗಳಿಗೆ ಮೈಸೂರ್‌ಪಾಕ್ ತಂದೀನಿ ನೋಡು. ನಿನ್ನ ಬಾಯಿ ಹೆಂಗೈತಿ?"

ಅಷ್ಟು ಚೆಂದದ ದನಿ ಅದು. ನನ್ನ ಕೈ ಚಿಲಕದವರೆಗೂ ಹೋಯಿತು, ಸುಳ್ಳು ಹೇಳುವುದಿಲ್ಲ. ಅತ್ತಿಗೆ ಗೋಡೆಗೆ ಬೆನ್ನು ಹಚ್ಚಿ ಕೂತಿದ್ದಳು. ಅವಳು ಕೈಯನ್ನು ತಲೆಯ ಮೇಲೆ ಅಡ್ಡ ಇಟ್ಟುಕೊಂಡಳು. ನಾನು ಕೈ ಹಿಂದೆ ತೆಗೆದುಕೊಂಡೆ.

ಆಗ ಒದೆತ ಬಿತ್ತು. ಬಾಗಿಲ ಪಟ್ಟಿ ಬಿರಿಯಿತು. "ತೆಗೀತೀಯೋ, ಮುರ್ದ ಒಳಗ ಬರ್ಲೋ? ಇಬ್ಬರನ್ನೂ ಇಲ್ಲೇ ಹುಗೀತೀನಿ," ಅಂತ ಹೊಟ್ಟೆಯ ತಳದಿಂದ ಘರ್ಜನೆ. ಮತ್ತೊಂದು ಒದೆತ. ಮತ್ತೆ ಇಂಪಾದ ದನಿ, "ತಂಗೀ, ನಿನ್ನ ಬಿಟ್ರ ನನಗ ಯಾರ್ ಅದಾರಲೇ?" ಅದಂತೂ ನಿಜವೇ ಆಗಿತ್ತು. ನನಗೂ ಅವನನ್ನು ಬಿಟ್ಟರೆ ಯಾರೂ ಇರಲಿಲ್ಲ.

ಮಗು ನನ್ನ ಸೀರೆ ಹಿಡಿದು ಜಗ್ಗಿತು. "ಅತ್ತೀ, ಅಪ್ಪನ ಕೂಡ ಇನ್ನೊಬ್ರು ಯಾರ್ ಬಂದಾರ?"

"ಯಾರೂ ಬಂದಿಲ್ಲವ್ವಾ," ಅಂದೆ. "ಹೊರಗ ನಿಮ್ಮಪ್ಪ ಒಬ್ಬನ ಅದಾನ."

ಅತ್ತಿಗೆಯೂ ನಾನೂ ಸೇರಿ ಜೆರಾಕ್ಸ್ ಯಂತ್ರವನ್ನು ತಳ್ಳಿಕೊಂಡು ಬಂದು ಬಾಗಿಲಿಗೆ ಅಡ್ಡ ಇಟ್ಟೆವು.